ದೂರದಿಂದ ಕೆಲಸಕ್ಕೆ ಬಂದವರನ್ನು ನಡೆಸಿಕೊಳ್ಳುವ ಕ್ರಮ

ನಮ್ಮದು ಬದಿಯಡ್ಕದ ಹತ್ತಿರ ಮೂರೆಕರೆ ಅಡಿಕೆ ತೋಟ. ನಾನು ಮದುವೆಯಾಗಿ ಬಂದ ಕಾಲಕ್ಕೆ ಗುಂಡಿ ತೋಡುವುದಕ್ಕೂ ಗೊಬ್ಬರ ಹೊರುವುದಕ್ಕೂ ಊರಿನವರೇ ಸಿಗುತ್ತಿದ್ದರು. ಈಗ ಜಾರ್ಖಂಡ್, ಒಡಿಶಾ, ಬಂಗಾಳದ ಹುಡುಗರು. ಸೆಪ್ಟೆಂಬರಿನ ಕೊನೆಯ ಭಾನುವಾರ ವಲಸಿಗರಿಗಾಗಿ ಇಗರ್ಜಿಯಲ್ಲಿ ಪ್ರಾರ್ಥನೆ ಮಾಡುತ್ತೇವೆ. ಪೂಜೆ ಮುಗಿಸಿ ಮನೆಗೆ ಬಂದರೆ ಹಿತ್ತಿಲ ಶೆಡ್ಡಿನಲ್ಲಿ ಅವರೇ ಇರುತ್ತಾರೆ. 'ಆಂಟಿ, ಇವರ ಹತ್ತಿರ ಹೇಗೆ ಇರಬೇಕು?' ಅಂತ ನಮ್ಮ ವಾಳೆಗೆ (ಇಗರ್ಜಿಯ ವಾರ್ಡಿಗೆ) ಹೊಸದಾಗಿ ಸೊಸೆಯಾಗಿ ಬಂದ ಹುಡುಗಿ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಬರೆಯುತ್ತೇನೆ. ಹೆಚ್ಚಿನದು ತಪ್ಪು ಮಾಡಿ ಕಲಿತದ್ದು.

ಮೊದಲು ಸಂಬಳ. ಉಳಿದದ್ದೆಲ್ಲ ಆಮೇಲೆ. ಬೈಬಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ, ಕೂಲಿಯವನು ನಿನ್ನ ಜನದವನಾಗಲಿ ಪರದೇಶಿಯಾಗಲಿ, ಹೊತ್ತು ಮುಳುಗುವ ಮೊದಲು ಕೂಲಿ ಕೊಟ್ಟುಬಿಡು ಅಂತ ಉಂಟು. ಎಷ್ಟೋ ಸಲ ಕೇಳಿದ ಮಾತು. ಒಂದು ವರ್ಷ ಅಡಿಕೆ ಕೊಟ್ಟ ದುಡ್ಡು ನನ್ನ ಕೈಗೆ ಬಂದಿರಲಿಲ್ಲ. ಶನಿವಾರ ಕೊಡುತ್ತೇನೆ ಎಂದೆ. ಶನಿವಾರ ಬಂದಾಗ ಸೋಮವಾರ ಎಂದೆ. ಜಾರ್ಖಂಡಿನ ಸಿಮ್ಡೇಗಾದ ಹುಡುಗ 'ಠೀಕ್ ಹೈ' ಅಂತ ತಲೆ ಆಡಿಸಿ ಹೋದ. ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಶೆಡ್ಡಿನ ಒಲೆಯ ಮೇಲೆ ಅನ್ನ ಮಾತ್ರ. ಪಕ್ಕದಲ್ಲಿ ಉಪ್ಪು, ನಮ್ಮದೇ ಗಿಡದ ಗಾಂಧಾರಿ ಮೆಣಸು. ಪೇಟೆಯ ಅಂಗಡಿಯವ ಕಡ ಕೊಡಲಿಲ್ಲವಂತೆ.

ಆಗ ನನಗೆ ಆ ವಚನ ಅರ್ಥವಾದದ್ದು. ಊರಿನ ಆಳಿಗೆ ನಾನು ಎರಡು ದಿನ ತಡ ಮಾಡಿದರೆ ಅವನಿಗೆ ಅಂಗಡಿಯಲ್ಲಿ ಪಟ್ಟಿ ಉಂಟು, ಭಾವನ ಮನೆ ಉಂಟು. ಹೊರಗಿನವನಿಗೆ ಇರುವುದು ನಾನು ಕೊಡಬೇಕಾದ ಕೂಲಿ ಒಂದೇ. ಈಗ ಕೆಲಸಕ್ಕೆ ಕರೆಯುವ ಮೊದಲೇ ಒಂದು ವಾರದ ಕೂಲಿಯನ್ನು ಅಕ್ಕಿ ಡಬ್ಬದ ಹಿಂದೆ ತೆಗೆದಿಡುತ್ತೇನೆ. ನೀವೂ ಹಾಗೆ ಮಾಡಿ. ದುಡ್ಡಿಲ್ಲದಿದ್ದರೆ ಆ ವಾರ ಕರೆಯಬೇಡಿ, ಕಳೆ ಬೆಳೆದರೆ ಬೆಳೆಯಲಿ. ಅಡಿಕೆ ಸುಲಿಯುವ ಕಿಲೋ ಲೆಕ್ಕವನ್ನು ಅವರ ಎದುರೇ ತೂಗಿ, ಅವರ ಪುಸ್ತಕದಲ್ಲೂ ಬರೆಯಿಸಿ. ಕಂಟ್ರಾಕ್ಟರ್ ಕೈಗೆ ಕೊಟ್ಟು 'ಹಂಚಿಬಿಡು' ಅನ್ನುವುದು ಬೇಡ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹಂಚುವಾಗ ಎಷ್ಟು ಮುರಿದುಕೊಳ್ಳುತ್ತಿದ್ದ ಅಂತ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಅವನೇ ಹುಡುಗರ ಆಧಾರ್ ಕಾರ್ಡುಗಳನ್ನೂ ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ, 'ಓಡಿ ಹೋಗಬಾರದಲ್ಲ ಬಾಯಮ್ಮ' ಅಂತ. ನನ್ನ ದೊಡ್ಡ ಮಗ ಕುವೈಟಿನಲ್ಲಿ ಇರುವವನು. ಮೊದಲ ಎರಡು ವರ್ಷ ಅವನ ಪಾಸ್‌ಪೋರ್ಟ್ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಧಣಿಯ, ಕಪಾಟಿನಲ್ಲಿತ್ತು. ನಾನು ಇಲ್ಲಿ ಜಪಸರ ಹಿಡಿದು ಅತ್ತದ್ದು ನನಗೆ ಗೊತ್ತು. ಕಾರ್ಡು ನೋಡಿ, ಬೇಕಾದರೆ ಜೆರಾಕ್ಸ್ ತೆಗೆದಿಡಿ, ಅಸಲನ್ನು ಅವರ ಕೈಗೇ ಕೊಡಿ. ಊರಿನಲ್ಲಿ ಇರುವ ಹೆಂಡತಿಯದೋ ಅಣ್ಣನದೋ ಫೋನ್ ನಂಬರನ್ನು ಮೊದಲ ದಿನವೇ ಬರೆದುಕೊಳ್ಳಿ.

ಕಾಗದಪತ್ರದ ಕೆಲಸಕ್ಕೆ ಜೊತೆಗೆ ಹೋಗಿ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಅವರ ಊರಿನ ಕಾರ್ಡಿಗೆ ಇಲ್ಲಿಯ ರೇಷನ್ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ, ಆಧಾರ್ ಜೋಡಿಸಿರಬೇಕು. ಕೇರಳ ಸರಕಾರ 2017ರಲ್ಲಿ ಇವರಿಗಾಗಿಯೇ 'ಆವಾಜ್' ಅಂತ ವಿಮೆ ಶುರು ಮಾಡಿತು. ಅದರ ಬಗ್ಗೆ ಲೇಬರ್ ಆಫೀಸಿನಲ್ಲಿ ವಿಚಾರಿಸಿ. ಮಲಯಾಳ ಬಾರದೆ ಕೌಂಟರಿನ ಎದುರು ಬೆಪ್ಪಾಗಿ ನಿಲ್ಲುವುದು ಹೇಗಿರುತ್ತದೆ ಅಂತ ಕಾಸರಗೋಡಿನ ಕನ್ನಡದವರಿಗೆ ಯಾರೂ ವಿವರಿಸಬೇಕಾಗಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಹುಟ್ಟಿದ ಮನೆಯಲ್ಲೇ ಕೂತು ಅರ್ಜಿ ಫಾರ್ಮಿಗೆ ಅರ್ಥ ಕೇಳುತ್ತಾ ಇದ್ದೇವೆ.

ಎಲ್ಲರನ್ನೂ 'ಬಂಗಾಳಿ' ಅನ್ನುವ ಅಭ್ಯಾಸ ಬಿಡಿ. ಸರಕಾರದವರು 'ಅತಿಥಿ ತೊಳಿಲಾಳಿ' (ಅತಿಥಿ ಕೆಲಸಗಾರ) ಅಂತ ಚಂದ ಹೆಸರಿಟ್ಟಿದ್ದಾರೆ, ಅದೂ ಕರೆಯುವ ಹೆಸರಲ್ಲ. ಹೆಸರು ಕೇಳಿ. ತಪ್ಪಾಗಿ ಕರೆದರೆ ಅವರೇ ನಕ್ಕು ತಿದ್ದುತ್ತಾರೆ.

ಇನ್ನು ಧರ್ಮದ ವಿಷಯ. ಬರುವವರಲ್ಲಿ ಹಿಂದೂಗಳು, ಮುಸಲ್ಮಾನರು, ಆದಿವಾಸಿಗಳದೇ ಆದ ಸರ್ನಾ ಧರ್ಮದವರು, ನಮ್ಮವರು ಎಲ್ಲ ಇದ್ದಾರೆ. ಬಟ್ಟಲಿನ ಗಂಜಿಯ ಜೊತೆಗೆ ಪ್ರಾರ್ಥನೆಯ ಚೀಟಿ ಕೊಡಬೇಡಿ. ಮತ್ತಾಯನ 25ನೆಯ ಅಧ್ಯಾಯದಲ್ಲಿ ಯೇಸು 'ನಾನು ಪರದೇಶಿಯಾಗಿದ್ದೆ' ಅಂದದ್ದು, ತನಗೆ ಆಶ್ರಯ ಕೊಟ್ಟವರು ತನ್ನ ಗುರುತೇ ಇಲ್ಲದೆ ಕೊಟ್ಟರು ಅಂತ. ಶುಕ್ರವಾರ ಜುಮಾಕ್ಕೆ ಹೋಗುವವನಿಗೆ ಆ ಎರಡು ಗಂಟೆ ಬಿಡಿ, ಕೂಲಿ ಮುರಿಯಬೇಡಿ. ಕ್ರೈಸ್ತರಾದರೆ 'ಜೈ ಯೇಸು' ಅಂತ ಅವರೇ ಹೇಳುತ್ತಾರೆ. ಸಿಮ್ಡೇಗಾದ ಕಡೆ ಅದೇ ನಮಸ್ಕಾರ. ಅಂಥವರಿಗೆ ಪೂಜೆಯ ಹೊತ್ತು ತಿಳಿಸಿ, ಬಾಗಿಲ ಹತ್ತಿರ ನಿಲ್ಲಿಸದೆ ನಿಮ್ಮದೇ ಬೆಂಚಿನಲ್ಲಿ ಕೂರಿಸಿ. ಪೋಪ್ ಫ್ರಾನ್ಸಿಸ್ 2018ರ ವಲಸಿಗರ ದಿನಕ್ಕೆ ನಾಲ್ಕು ಮಾತು ಹೇಳಿದ್ದರು: ಬರಮಾಡಿಕೊಳ್ಳಿ, ಕಾಪಾಡಿ, ಮೇಲೆತ್ತಿ, ನಮ್ಮೊಳಗೆ ಸೇರಿಸಿಕೊಳ್ಳಿ. ಮೊದಲಿನ ಮೂರು ನಮಗೆ ಹೇಗೋ ಆಗುತ್ತವೆ. ಕಷ್ಟವಾಗುವುದು ಈ ಬೆಂಚು.

'ಇವರು ಎಲ್ಲಿಯವರೋ' ಅಂತ ಗೊಣಗುವವರಿಗೆ ನಾನು ನಮ್ಮದೇ ಕಥೆ ಹೇಳುತ್ತೇನೆ. ಗೋವೆಯಿಂದ ಗಂಟುಮೂಟೆ ಕಟ್ಟಿ ಬಂದವರು ನಾವು ಕೊಂಕಣಿ ಕ್ರೈಸ್ತರು. 1784ರಲ್ಲಿ ಟಿಪ್ಪು ಸುಲ್ತಾನನ ಸೈನಿಕರು ನಮ್ಮವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ದಾರಿಯಲ್ಲೇ ಎಷ್ಟೋ ಜನ ಸತ್ತರು, ಉಳಿದವರು ಮರಳಿದ್ದು 1799ರ ನಂತರ. ಬರಿಗೈಯಲ್ಲಿ ಬಂದವರಿಗೆ ಆಗ ಯಾರ ಅಂಗಡಿಯಲ್ಲಿ ಕಡ ಸಿಕ್ಕಿತೋ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಹುಟ್ಟುಹಬ್ಬಕ್ಕೆ) ಖಂಡಿತ ಕರೆಯಿರಿ. ಹೊಸ ತೆನೆ ಮನೆಯವರೊಟ್ಟಿಗೆ ಕೂತು ಉಣ್ಣುವುದು ನಮ್ಮ ಕ್ರಮ, ದೂರ ಇರುವ ಮಕ್ಕಳಿಗೆ ಅಂಚೆಯಲ್ಲಿ ಕಳಿಸುತ್ತೇವೆ. ಕಳೆದ ವರ್ಷ ಮಗನಿಗೆ ಕವರಿನಲ್ಲಿ ಎರಡು ಕಾಳು ಹಾಕುವಾಗ ಬಾಗಿಲಲ್ಲಿ ನಿಂತಿದ್ದ ಹುಡುಗ ತನಗೂ ಎರಡು ಬೇಕು ಎಂದ, ಊರಿಗೆ ಕಳಿಸಲು. ಭತ್ತದ ಹೊಸ ಕಾಳು ಅವರಲ್ಲೂ ತಾಯಿ ಕೈಗೇ ಹೋಗಬೇಕಂತೆ. ಮೇಣದ ಕಾಗದದಲ್ಲಿ ಸುತ್ತಿ ಕೊಟ್ಟೆ. ವಿಳಾಸ ಅವನು ಹಿಂದಿಯಲ್ಲಿ ಹೇಳಿದ, ನಾನು ಬರೆದೆ. ಆ ದಿನ ಇಗರ್ಜಿಯಲ್ಲಿ ಮಕ್ಕಳಿಗೆ ಹಂಚುವ ಕಬ್ಬು ಮಾತ್ರ ಸಾಲಿನ ಕೊನೆಯಲ್ಲಿದ್ದ ಅವರ ಮಕ್ಕಳಿಗೆ ಮುಟ್ಟುವಾಗ ಮುಗಿದಿತ್ತು. ಈ ಸಲ ಕಬ್ಬಿನ ವರಾಡ (ವಂತಿಗೆ) ಎತ್ತುವಾಗ ಶೆಡ್ಡುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತ ವಾಳೆಯ ಮುಖ್ಯಸ್ಥರಾದ ಗುರ್ಕಾರರಿಗೆ ಈಗಲೇ ಹೇಳಿಟ್ಟಿದ್ದೇನೆ.