ಹಳೇ ವಾಲ್ವ್ ರೇಡಿಯೋದಾಗ ಯಾವ ಕಂಡೆನ್ಸರ್ ತಗೀಬೇಕು, ಯಾವುದು ಬಿಡಬೇಕು

ಅಟ್ಟದ ಮ್ಯಾಗಿಂದ ಅಜ್ಜನ ಮರ್ಫಿನೋ ಫಿಲಿಪ್ಸೋ ಇಳಿಸಿದ ಕೂಡ್ಲೆ ಎಲ್ಲಾರೂ ಪ್ಲಗ್ ಚುಚ್ಚಿ ನೋಡ್ತಾರ, ಅದೊಂದು ಮಾಡಬ್ಯಾಡ್ರಿ. ವಾಲ್ವ್ (ಬಲ್ಬಿನಂಗ ಇರೋ ಗಾಜಿನ ಕೊಳವಿ) ಅಷ್ಟು ಸುಲಭಕ್ಕ ಕೆಡಂಗಿಲ್ಲ, ಕೆಡೋದು ಕಂಡೆನ್ಸರ್, ಅಂದ್ರ ಕರೆಂಟ್ ತುಂಬಿಟ್ಕೊಳ್ಳೋ ಕೆಪ್ಯಾಸಿಟರ್. ಬೆಳಗಾವಿ ಮಳಿಗಾಲದ ಥಂಡಿಗೆ ಪೇಪರ್ ಕಂಡೆನ್ಸರ್ ಪಸಿ ಹಿಡದು ಲೀಕ್ ಆಗ್ತಾವು (ತಡೀಬೇಕಾದ ಡಿಸಿ ಕರೆಂಟ್ ದಾಟಾಕ ಬಿಡ್ತಾವು), ವಿಜಯಪುರದ ಬ್ಯಾಸಗ್ಯಾಗ ಪತ್ರಾಸ್ ಕೆಳಗ ಇಟ್ಟ ಸೆಟ್ಟಿನಾಗ ಎಲೆಕ್ಟ್ರೋಲಿಟಿಕ್ (ಒಳಗ ಹಸಿ ಕೆಮಿಕಲ್ ಇರೋ ದೊಡ್ಡ ಕಂಡೆನ್ಸರ್) ಒಣಗಿ ಹೋಗಿರ್ತಾವು.

ಕೈ ಹಾಕೂಕಿಂತ ಮೊದಲ ವಾಲ್ವ್ ನಂಬರ್ ನೋಡ್ರಿ. ಯುಎಲ್ 41, ಯುವೈ 41 ಹಿಂಗ ಯು ಇಂದ ಶುರು ಆದ್ರ ಅದು ಮೇನ್ಸ್ (ಗ್ವಾಡಿ ಪ್ಲಗ್ಗಿನ ಕರೆಂಟ್) ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟು, ಚಾಸಿಗೇ (ಎಲ್ಲಾ ಕೂಡಿಸಿರೋ ತಗಡಿನ ತಳಕ್ಕ) ಕರೆಂಟ್ ಬಂದಿರಬಹುದು, ಸೆಟ್ಟನ್ನ ಮೇನ್ಸಿಂದ ಬ್ಯಾರೆ ಮಾಡೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ದ ಮುಟ್ಟಬ್ಯಾಡ್ರಿ. ಯಾವ ಸೆಟ್ಟಾದ್ರೂ ಪ್ಲಗ್ ತಗದ ಮ್ಯಾಲೆ ದೊಡ್ಡ ಕಂಡೆನ್ಸರಿಗೆ 2.2 ಕೆ, 10 ವ್ಯಾಟಿನ ರೆಸಿಸ್ಟರ್ ಹಿಡದು ಖಾಲಿ ಮಾಡ್ರಿ, ಮೀಟರ್ ಸೊನ್ನೆ ತೋರಿಸಿದ ಮ್ಯಾಲೆ ಕೈ ಹಾಕ್ರಿ.

ಮ್ಯಾಲೆ ಮೇಣ ಬಳದ ರಟ್ಟಿನ ಕೊಳವಿ ಇದ್ದದ್ದು ಪೇಪರ್, ಎಲ್ಲಾ ತಗೀರಿ. ಕರೇ ಪ್ಲಾಸ್ಟಿಕಿನಾಗ ಎರಕ ಹೊಯ್ದದ್ದು ನೋಡಾಕ ಛಲೋ ಕಾಣ್ತೈತಿ, ಒಳಗ ಅದೂ ಪೇಪರೇ. ಬಿಸ್ಕೀಟಿನಂಗ ಚಪ್ಪಟ ಇದ್ದು ಬಣ್ಣದ ಚುಕ್ಕಿ ಇರೋದು ಮೈಕಾ, ಅದನ್ನೂ ಸಿರಾಮಿಕ್ ಬಿಲ್ಲಿನೂ ಬಿಡ್ರಿ. ಸಾಸಿವಿ ಬಣ್ಣದ ಮುಲ್ಲಾರ್ಡ್ ಪಾಲಿಯೆಸ್ಟರ್ ಸಾಮಾನ್ಯವಾಗಿ ಇವತ್ತಿಗೂ ಸರಿ ಇರ್ತಾವು. ಕಂಡೆನ್ಸರ್ ಮ್ಯಾಲೆ ಬರದ ಅಳತಿಯೊಳಗ ಎಂಎಫ್‌ಡಿ ಅಂದ್ರ ಮೈಕ್ರೋಫ್ಯಾರಡ್, ಎಂಎಂಎಫ್ ಅಂದ್ರ ಪಿಕೋಫ್ಯಾರಡ್. 0.05 ಮೈಕ್ರೋಫ್ಯಾರಡ್ ಸಿಗಂಗಿಲ್ಲ, 0.047 ಹಾಕ್ರಿ, 8ರ ಬದಲಿ 10 ನಡೀತೈತಿ.

ಮಲ್ಟಿಮೀಟರಿನ ಮಾತು ನಂಬಬ್ಯಾಡ್ರಿ, ಅದು ಕಡಿಮಿ ವೋಲ್ಟಿನಾಗ ಅಳಿತೈತಿ, ಲೀಕ್ ಗೊತ್ತಾಗೋದು 200 ವೋಲ್ಟ್ ಬಿದ್ದಾಗ, ಎಷ್ಟೋ ಸಲ ಲೀಕ್ ಇರೋ ಪೇಪರ್ ಕಂಡೆನ್ಸರ್ ಮ್ಯಾಲೆ ಬರದದ್ದಕ್ಕಿಂತ ಜಾಸ್ತಿನ ತೋರಿಸ್ತೈತಿ. ಎಲ್ಲಕ್ಕಿಂತ ಮುಖ್ಯ ಅಂದ್ರ ಔಟ್‌ಪುಟ್ ವಾಲ್ವಿನ (ಸ್ಪೀಕರ್ ನಡಸೋ ವಾಲ್ವ್) ಗ್ರಿಡ್ಡಿಗೆ, ಅಂದ್ರ ಕರೆಂಟ್ ಹಿಡತದಾಗ ಇಡೋ ಕಾಲಿಗೆ, ಬರೋ 0.01 ಅಥವಾ 0.02 ಕಪ್ಲಿಂಗ್ ಕಂಡೆನ್ಸರ್. ಅದು ಲೀಕ್ ಆದ್ರ ಗ್ರಿಡ್ ಪಾಸಿಟಿವ್ ಆಗಿ ಇಎಲ್ 84ರಂಥ ಔಟ್‌ಪುಟ್ ವಾಲ್ವ್ ಎಳಿಯೋ ಕರೆಂಟ್ ವಿಪರೀತ ಏರಿ ಪ್ಲೇಟ್ ಕೆಂಪಗಾಗ್ತೈತಿ, ಆಮ್ಯಾಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಟ್ಟು ಹೋಗಬಹುದು. ಬ್ಯಾರೆ ಏನ್ ಬಿಟ್ರೂ ಇದೊಂದು ಬಿಡಬ್ಯಾಡ್ರಿ.

ಹಳೇ ರೂಪ ಹಂಗ ಇರಬೇಕಂದ್ರ ಕೊಳವಿಗೆ ಹೇರ್ ಡ್ರೈಯರ್ ಹಿಡೀರಿ, ಮೇಣ ಮೆತ್ತಗಾದ ಕೂಡ್ಲೆ ಒಳಗಿಂದು ಒಂದು ಕಡೆಯಿಂದ ದೂಡ್ರಿ, ಸುರುಳಿ ಪೂರ್ತಿ ಹೊರಗ ಬರ್ತೈತಿ. ಕೆಲವು ಹಳೇ ಮೇಣದಾಗ ಕ್ಲೋರಿನ್ ಕೂಡಿದ ಕೆಮಿಕಲ್ ಇರ್ತೈತಿ, ಹೊಗಿ ಏಳೂಹಂಗ ಕಾಸಬ್ಯಾಡ್ರಿ, ಪಡಸಾಲಿ ಬಿಟ್ಟು ಹೊರಗ ಮಾಡ್ರಿ, ಕೈ ತೊಳಕೊಂಡ ಚಹಾ ಕುಡೀರಿ. ಖಾಲಿ ಕೊಳವಿಯೊಳಗ 630 ವೋಲ್ಟಿನ ಹೊಸಾ ಪಾಲಿಯೆಸ್ಟರ್ ಇಟ್ಟು ಎರಡೂ ತುದಿಗೆ ಹೊಸಾ ಮೇಣ ತುಂಬ್ರಿ.

ಚಾಸಿ ಮ್ಯಾಲೆ ನಿಂತ ಅಲ್ಯುಮಿನಿಯಂ ಡಬ್ಬಿ ಎಲೆಕ್ಟ್ರೋಲಿಟಿಕ್. ಬುಡದಿಂದ ಒಂದು ಸೆಂಟಿಮೀಟರ್ ಮ್ಯಾಲೆ ಹ್ಯಾಕ್ಸಾ ಬ್ಲೇಡಿನಿಂದ ಸುತ್ತ ಕೊಯ್ದು ಒಳಗಿಂದ ತಗೀರಿ. ಒಳಗಿನ ಅಲ್ಯುಮಿನಿಯಂ ಪಟ್ಟಿಗೆ ಸಾದಾ ಸೋಲ್ಡರ್ ಹಿಡಿಯಂಗಿಲ್ಲ, ಹಂಗಾಗಿ ಲಗ್ಗಿನ (ಬುಡದಾಗ ತಂತಿ ಹಚ್ಚೋ ತಗಡಿನ ನಾಲಿಗಿ) ಪಕ್ಕಕ್ಕ ಸಣ್ಣ ತೂತು ಕೊರದು 450 ವೋಲ್ಟಿನ ಹೊಸವುಗಳ ಕಾಲಿಗೆ ಸ್ಲೀವ್ ಹಾಕಿ ಹೊರಗ ತಂದು ಲಗ್ಗಿಗೆ ಹೊರಗಿಂದನ ಸೋಲ್ಡರ್ ಮಾಡ್ರಿ, ಪ್ಲಸ್ ಮೈನಸ್ ಅದಲಿ ಬದಲಿ ಆಗಬಾರದು. ರೆಕ್ಟಿಫೈಯರ್ (ಎಸಿನ ಡಿಸಿ ಮಾಡೋ ವಾಲ್ವ್) ಪಕ್ಕದ ಕಂಡೆನ್ಸರ್ ದೊಡ್ಡದು ಹಾಕಿದ್ರ ಛಲೋ ಅಂತ ಅನ್ಕೋಬ್ಯಾಡ್ರಿ, ಇಝಡ್ 80 ರೆಕ್ಟಿಫೈಯರಿಗೆ 50 ಮೈಕ್ರೋಫ್ಯಾರಡ್ ಮಿತಿ. ಮೇನ್ಸಿನ ಎರಡೂ ತಂತಿಗೆ ಅಡ್ಡ ಇರೋ ಕಂಡೆನ್ಸರ್ ಎಕ್ಸ್2, ಮೇನ್ಸಿಂದ ಚಾಸಿಗೆ ಹೋಗೋದು ವೈ ಕ್ಲಾಸಿಂದೇ ಇರಲಿ, ಇವು ಮೇನ್ಸಿಗಂತನ ಮಾಡಿದ ಸುರಕ್ಷಿತ ಜಾತಿ.

ಮೊದಲ ಸಲ 60 ವ್ಯಾಟ್ ಹಳೇ ತಂತಿ ಬಲ್ಬ್ ಸೀರೀಸ್ ಇಟ್ಟು (ಕರೆಂಟ್ ಬಲ್ಬ್ ದಾಟೇ ಸೆಟ್ಟಿಗೆ ಹೋಗೂಹಂಗ) ಹಚ್ರಿ, ಎಲ್‌ಇಡಿ ನಡಿಯಂಗಿಲ್ಲ. ಬಲ್ಬ್ ಜೋರು ಉರದು ಮಂದ ಆದ್ರ ಸರಿ, ಜೋರಾಗೇ ಇದ್ರ ತಕ್ಷಣ ಬಂದ್ ಮಾಡ್ರಿ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್, ಡಯಲ್ ಮೀಟರಿನಾಗ ಇದ್ರ 392ರ ಹತ್ರ ಹುಡುಕ್ರಿ, ಬಂದ್ರೂ ಗುಂಯ್ ಅಂತಿದ್ರ ಡಬ್ಬಿಯ ಮೈನಸ್ ಚಾಸಿಗೆ ಸರಿ ಕೂಡೇತೋ ಇಲ್ಲೋ ಇನ್ನೊಮ್ಮೆ ನೋಡ್ರಿ.