ಕೆಳಗೆ ಸೆಕೆ, ಮೇಲೆ ಚಳಿ: ರೇಡಿಯೇಟರ್‌ಗಳಿಗೆ ಬಿಸಿನೀರು ಸರಿಯಾಗಿ ಹಂಚುವುದು ಹೇಗೆ

ಬ್ರಿಟನ್ನಿನಲ್ಲಿರುವ ನಮ್ಮವರ ಮನೆಗಳಲ್ಲಿ ನವೆಂಬರ್ ಬಂತೆಂದರೆ ಈ ದೂರು ಇದ್ದದ್ದೇ. ಕೆಳಗೆ ಲಿವಿಂಗ್ ರೂಮಿನಲ್ಲಿ ಸ್ವೆಟರ್ ಬಿಚ್ಚಿಡುವಷ್ಟು ಸೆಕೆ, ಮೇಲೆ ಹಿಂಬದಿಯ ಬೆಡ್‌ರೂಮಿನಲ್ಲಿ ಮಕ್ಕಳು ಟೋಪಿ ಹಾಕಿಕೊಂಡು ಮಲಗುವ ಸ್ಥಿತಿ. ಆಗ ಹೆಚ್ಚಿನವರು ಮಾಡುವುದು ಒಂದೇ, ಥರ್ಮೋಸ್ಟಾಟ್ ಎರಡು ಡಿಗ್ರಿ ಏರಿಸುವುದು. ಕೆಳಗೆ ಇನ್ನೂ ಸೆಕೆ ಆಗುತ್ತದೆ, ಮೇಲೆ ಹೆಚ್ಚೇನೂ ಬದಲಾಗುವುದಿಲ್ಲ, ಗ್ಯಾಸ್ ಬಿಲ್ ಮಾತ್ರ ತಪ್ಪದೆ ಏರುತ್ತದೆ. ಬಾಯ್ಲರ್ ಸಾಲುತ್ತಿಲ್ಲ, ದೊಡ್ಡದು ಹಾಕಿಸೋಣ ಎನ್ನುವವರೂ ಇದ್ದಾರೆ. ಬಹಳ ಸಲ ಬಾಯ್ಲರಿನದು ತಪ್ಪೇನೂ ಇರುವುದಿಲ್ಲ. ನೀರಿನ ಹಂಚಿಕೆ ಸರಿ ಇರುವುದಿಲ್ಲ, ಅಷ್ಟೇ.

ಬಿಸಿನೀರು ಬಾಯ್ಲರ್‌ನಿಂದ ಒಂದು ಪೈಪಿನಲ್ಲಿ ಹೊರಟು, ಒಂದೊಂದು ರೇಡಿಯೇಟರ್‌ಗೂ ಕವಲೊಡೆದು, ಅಲ್ಲಿ ಶಾಖ ಬಿಟ್ಟು, ಇನ್ನೊಂದು ಪೈಪಿನಲ್ಲಿ ವಾಪಸ್ ಬರುತ್ತದೆ. ನೀರು ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಪಂಪಿಗೆ ಹತ್ತಿರದ ರೇಡಿಯೇಟರ್ ಪೂರ್ತಿ ತೆರೆದಿದ್ದರೆ ಹೆಚ್ಚಿನ ನೀರು ಅದರೊಳಗೇ ಸುತ್ತಿ ಹಿಂದಕ್ಕೆ ಬಂದುಬಿಡುತ್ತದೆ. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಾಲೆಯ ಮೇಲ್ಭಾಗದವರು ತೂಬು ಪೂರ್ತಿ ಎತ್ತಿಟ್ಟರೆ ಕೊನೆಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ, ಅಲ್ವಾ. ಅದಕ್ಕೇ ತಣ್ಣಗಿರುವ ರೇಡಿಯೇಟರ್ ಹತ್ತಿರ ಕೂತು ಅದನ್ನು ಎಷ್ಟು ತಿರುಗಿಸಿದರೂ ಕೆಲಸ ಆಗುವುದಿಲ್ಲ. ಬಿಗಿ ಮಾಡಬೇಕಾದದ್ದು ಬೇಗ ಬಿಸಿಯಾಗುವ ರೇಡಿಯೇಟರ್‌ಗಳನ್ನು.

ಈಗ ವಾಲ್ವ್ ನೋಡಿ. ರೇಡಿಯೇಟರ್‌ನ ಒಂದು ತುದಿಯಲ್ಲಿ ಒಂದರಿಂದ ಐದರವರೆಗೆ ನಂಬರ್ ಇರುವ ತಿರುಗಣೆ ಇರುತ್ತದೆ, ಅದು ಟಿಆರ್‌ವಿ, ಅಂದರೆ ಥರ್ಮೋಸ್ಟಾಟಿಕ್ ರೇಡಿಯೇಟರ್ ವಾಲ್ವ್. ರೂಮು ಬೆಚ್ಚಗಾದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಹಳೆ ಮನೆಯಾದರೆ ಅಲ್ಲಿ ಸಾದಾ ತಿರುಗಣೆ ಇರಬಹುದು. ಇನ್ನೊಂದು ತುದಿಯಲ್ಲಿ, ತಿರುಗಿಸಿದರೆ ಸುಮ್ನೆ ಸುತ್ತುವ ಪ್ಲಾಸ್ಟಿಕ್ ಟೋಪಿ ಇದೆಯಲ್ಲ, ಅದರ ಕೆಳಗೆ ಇರುವುದೇ ಲಾಕ್‌ಶೀಲ್ಡ್ ವಾಲ್ವ್. ಟೋಪಿ ಎಳೆದರೆ ಬರುತ್ತದೆ, ಕೆಲವಕ್ಕೆ ಮೇಲೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಒಳಗೆ ಹಿತ್ತಾಳೆಯ ಪುಟ್ಟ ಕಡ್ಡಿ ಕಾಣುತ್ತದೆ. ಸ್ಪ್ಯಾನರ್ ಹಿಡಿದು ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಮುಚ್ಚುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ತೆರೆಯುತ್ತದೆ. ನಮ್ಮ ಕೆಲಸವೆಲ್ಲ ಇದರಲ್ಲೇ. ಟಿಆರ್‌ವಿಯಿಂದ ಹಂಚಿಕೆ ಸರಿ ಮಾಡಲು ಹೋಗಬೇಡಿ, ಅದರ ಕೆಲಸವೇ ಬೇರೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಸಣ್ಣ ಅಡ್ಜಸ್ಟಬಲ್ ಸ್ಪ್ಯಾನರ್, ರೇಡಿಯೇಟರ್‌ನ ಗಾಳಿ ಬಿಡುವ (ಬ್ಲೀಡ್ ಮಾಡುವ) ಕೀ, ಹಳೆ ಬಟ್ಟೆ, ಪೇಪರ್, ಪೆನ್ನು, ಒಂದು ಥರ್ಮಾಮೀಟರ್. ಪೈಪಿಗೆ ಕ್ಲಿಪ್ ಹಾಕುವ ಥರ್ಮಾಮೀಟರ್ ಜೋಡಿ ಸಿಕ್ಕರೆ ಅದೇ ಒಳ್ಳೆಯದು. ಗನ್ ತರಹದ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೂ ನಡೆಯುತ್ತದೆ, ಆದರೆ ಹೊಳೆಯುವ ತಾಮ್ರ ಅಥವಾ ಕ್ರೋಮ್ ಮೇಲೆ ಅದು ತಪ್ಪು ಲೆಕ್ಕ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿ ಅದರ ಮೇಲೆ ಅಳೆಯಿರಿ. ಕೈಯಿಂದ ಮುಟ್ಟಿ ಅಂದಾಜು ಮಾಡುವವರಿದ್ದಾರೆ. ಐವತ್ತು ಡಿಗ್ರಿಗೂ ಅರವತ್ತಕ್ಕೂ ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡೂ ಸುಡುತ್ತವೆ.

ಶುರು ಮಾಡುವ ಮೊದಲು, ಇದು ನಿಜಕ್ಕೂ ಹಂಚಿಕೆಯ ತೊಂದರೆಯೇ ಅಂತ ನೋಡಿಕೊಳ್ಳಿ. ರೇಡಿಯೇಟರ್‌ನ ಮೇಲ್ಭಾಗ ತಣ್ಣಗೆ, ಕೆಳಭಾಗ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆಫ್ ಮಾಡಿ, ಆರಲು ಬಿಟ್ಟು, ಕೀಯಿಂದ ಬ್ಲೀಡ್ ಸ್ಕ್ರೂ ಸ್ವಲ್ಪವೇ ಸಡಿಲಿಸಿ. ಬುಸ್ ಅಂತ ಗಾಳಿ ಹೋಗಿ ನೀರು ಬಂದ ಕೂಡಲೇ ಮುಚ್ಚಿ. ಒಳಗಿನ ನೀರು ಕಪ್ಪಗಿರಬಹುದು, ಕಾರ್ಪೆಟ್ ಮೇಲೆ ಬಿದ್ದರೆ ಕಲೆ ಹೋಗುವುದು ಕಷ್ಟ, ಬಟ್ಟೆ ಹಿಡಿದೇ ಮಾಡಿ. ಗಾಳಿ ಹೋದ ಮೇಲೆ ಪ್ರೆಶರ್ ಇಳಿದಿರುತ್ತದೆ. ಕಾಂಬಿ ಬಾಯ್ಲರ್ (ನಲ್ಲಿಯ ಬಿಸಿನೀರನ್ನೂ ತಾನೇ ನೇರವಾಗಿ ಕಾಯಿಸುವಂಥದ್ದು) ಆದರೆ ತಣ್ಣಗಿದ್ದಾಗ ಪ್ರೆಶರ್ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ಕಮ್ಮಿ ಇದ್ದರೆ ಫಿಲ್ಲಿಂಗ್ ಲೂಪ್‌ನಿಂದ, ಅಂದರೆ ನಲ್ಲಿ ನೀರನ್ನು ಹೀಟಿಂಗ್ ಪೈಪಿಗೆ ಸೇರಿಸುವ ಸಣ್ಣ ಪೈಪಿನಿಂದ, ನೀರು ತುಂಬಿ, ಆಮೇಲೆ ಅದನ್ನು ಮರೆಯದೆ ಮುಚ್ಚಿ. ಅಟ್ಟದಲ್ಲಿ ಪುಟ್ಟ ಟ್ಯಾಂಕ್ ಇರುವ ಹಳೆ ವ್ಯವಸ್ಥೆಯಲ್ಲಿ ನೀರು ತಾನೇ ತುಂಬಿಕೊಳ್ಳುತ್ತದೆ.

ಮೇಲೆ ಬಿಸಿ ಇದ್ದು ಕೆಳಗೆ ನಡುಭಾಗ ತಣ್ಣಗಿದ್ದರೆ ತಳದಲ್ಲಿ ಕಪ್ಪು ತುಕ್ಕಿನ ಕೆಸರು ಕೂತಿದೆ ಅಂತ ಅರ್ಥ. ಅದಕ್ಕೆ ಎಷ್ಟು ವಾಲ್ವ್ ತಿರುಗಿಸಿದರೂ ಪ್ರಯೋಜನವಿಲ್ಲ, ತೊಳೆಸಬೇಕು. ಇನ್ನು ಒಂದೇ ಒಂದು ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ಟಿಆರ್‌ವಿ ಒಳಗಿನ ಪಿನ್ ಬೇಸಿಗೆಯಲ್ಲಿ ಅಂಟಿಕೊಂಡಿರಬಹುದು. ತಲೆಯ ಭಾಗ ಬಿಚ್ಚಿದರೆ ಪಿನ್ ಕಾಣುತ್ತದೆ. ಸ್ಪ್ಯಾನರ್‌ನ ಚಪ್ಪಟೆ ಭಾಗದಿಂದ ಒತ್ತಿ ಬಿಟ್ಟರೆ ಅದು ತಾನೇ ಮೇಲೆ ಬರಬೇಕು. ಬರದಿದ್ದರೆ ಮೆಲ್ಲಗೆ ಕೆಲವು ಸಲ ಒತ್ತಿ ಸಡಿಲ ಮಾಡಿ. ಇಕ್ಕಳ ಹಿಡಿದು ಎಳೆಯಬೇಡಿ, ಪಿನ್ ಕಿತ್ತು ಬಂದರೆ ಹಿಂದೆಯೇ ನೀರೂ ಬರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕೆಲವು ರೂಮು ಬೇಗ, ಕೆಲವು ತಡವಾಗಿ ಬಿಸಿಯಾಗುತ್ತಿದ್ದರೆ ಮುಂದುವರಿಯಿರಿ. ಚಳಿ ಚೆನ್ನಾಗಿರುವ ದಿನ ಆರಿಸಿಕೊಳ್ಳಿ. ಬಿಸಿಲಿರುವ ಏಪ್ರಿಲ್‌ನಲ್ಲಿ ಮಾಡಹೊರಟರೆ ಬಾಯ್ಲರ್ ಹತ್ತಿ ಆರಿ ಹತ್ತಿ ಆರಿ ಆಡುತ್ತದೆ, ಒಂದು ಅಳತೆಯೂ ನಿಲ್ಲುವುದಿಲ್ಲ.

ಮೊದಲು ಹೀಟಿಂಗ್ ಆಫ್ ಮಾಡಿ ಎಲ್ಲವೂ ತಣ್ಣಗಾಗಲಿ. ಒಂದೊಂದು ಲಾಕ್‌ಶೀಲ್ಡನ್ನೂ ಪೂರ್ತಿ ಮುಚ್ಚುವವರೆಗೆ ತಿರುಗಿಸಿ, ಎಷ್ಟು ಸುತ್ತು ಬಂತು ಅಂತ ಬರೆದಿಟ್ಟುಕೊಳ್ಳಿ. ಕೆಲಸ ಕೆಟ್ಟರೆ ಹಳೆಯ ಸ್ಥಿತಿಗೆ ಮರಳಲು ಈ ಚೀಟಿ ಬೇಕು. ಆಮೇಲೆ ಎಲ್ಲವನ್ನೂ ಪೂರ್ತಿ ತೆರೆಯಿರಿ. ಟಿಆರ್‌ವಿಗಳನ್ನು ಗರಿಷ್ಠಕ್ಕೆ ಇಡಿ, ಇಲ್ಲವೇ ತಲೆ ಬಿಚ್ಚಿಡಿ. ಬಿಚ್ಚಿಡುವುದೇ ವಾಸಿ, ಇಲ್ಲದಿದ್ದರೆ ರೂಮು ಬೆಚ್ಚಗಾಗುತ್ತಿದ್ದಂತೆ ಅವು ಮುಚ್ಚಿಕೊಂಡು ನಿಮ್ಮ ಲೆಕ್ಕ ಕೆಡಿಸುತ್ತವೆ. ರೂಮ್ ಥರ್ಮೋಸ್ಟಾಟನ್ನು 28 ಅಥವಾ 30ಕ್ಕೆ ಏರಿಸಿ, ಮಧ್ಯದಲ್ಲಿ ಅದು ಬಾಯ್ಲರ್ ನಿಲ್ಲಿಸಬಾರದು. ಬಾಯ್ಲರ್‌ನಲ್ಲಿ ರೇಡಿಯೇಟರ್ ನೀರಿನ ಉಷ್ಣತೆ 65 ಅಥವಾ 70ಕ್ಕೆ ಇಟ್ಟು ಹೀಟಿಂಗ್ ಆನ್ ಮಾಡಿ.

ಈಗ ಮನೆ ತುಂಬ ಓಡಾಡುವ ಕೆಲಸ. ಯಾವ ರೇಡಿಯೇಟರ್ ಮೊದಲು ಬಿಸಿಯಾಯಿತು, ಯಾವುದು ಕೊನೆಗೆ, ಕ್ರಮವಾಗಿ ಬರೆಯಿರಿ. ಮಕ್ಕಳಿದ್ದರೆ ಒಂದೊಂದು ರೂಮಿಗೆ ಒಬ್ಬೊಬ್ಬರನ್ನು ನಿಲ್ಲಿಸಿ ಕೂಗಲು ಹೇಳಿ, ಖುಷಿಯಿಂದ ಮಾಡುತ್ತವೆ. ಬಾಯ್ಲರ್‌ಗೆ ಹತ್ತಿರದ್ದೇ ಮೊದಲು ಬರಬೇಕೆಂದೇನಿಲ್ಲ. ಪೈಪು ನೆಲದಡಿಯಲ್ಲಿ ಹೇಗೆ ಓಡಿದೆ ಅನ್ನುವುದರ ಮೇಲೆ ಹೋಗುತ್ತದೆ, ಎಕ್ಸ್‌ಟೆನ್ಷನ್ ಕಟ್ಟಿಸಿದ ಮನೆಗಳಲ್ಲಂತೂ ಊಹಿಸಲಾಗದ ಕ್ರಮ ಬರುತ್ತದೆ.

ಮತ್ತೆ ಆಫ್ ಮಾಡಿ ಆರಲು ಬಿಡಿ. ಪಟ್ಟಿಯ ಮೊದಲ ರೇಡಿಯೇಟರ್‌ಗೆ ಹೋಗಿ ಲಾಕ್‌ಶೀಲ್ಡ್ ಪೂರ್ತಿ ಮುಚ್ಚಿ, ಕಾಲು ಸುತ್ತು ತೆರೆಯಿರಿ. ಎರಡನೆಯದೂ ಕಾಲು ಅಥವಾ ಅರ್ಧ. ನಡುವಿನವು ಅರ್ಧದಿಂದ ಒಂದು ಸುತ್ತು. ಕೊನೆಯದು ಪೂರ್ತಿ ತೆರೆದೇ ಇರಲಿ. ಇದು ಬರೀ ಅಂದಾಜಿನ ಆರಂಭ. ಲಾಕ್‌ಶೀಲ್ಡ್‌ನ ಆಟವೆಲ್ಲ ಮುಚ್ಚಿದ ತುದಿಯಿಂದ ಮೊದಲ ಒಂದು ಸುತ್ತಿನಲ್ಲೇ ಇದೆ, ಮೂರು ಸುತ್ತು ತೆರೆದದ್ದಕ್ಕೂ ನಾಲ್ಕು ಸುತ್ತಿಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಅರ್ಧ ಸುತ್ತು ಬಿಗಿ ಮಾಡಿದೆ, ಏನೂ ಆಗಲಿಲ್ಲ ಎನ್ನುವವರ ಕಥೆ ಇಷ್ಟೇ, ಅವರು ಬಿಗಿ ಮಾಡಿದ್ದು ಮೇಲಿನ ತುದಿಯಲ್ಲಿ.

ಹೀಟಿಂಗ್ ಆನ್ ಮಾಡಿ ನೀರಿನ ಉಷ್ಣತೆ ಒಂದು ಮಟ್ಟಕ್ಕೆ ನಿಲ್ಲುವವರೆಗೆ ಕಾಯಿರಿ. ಪಟ್ಟಿಯ ಕ್ರಮದಲ್ಲೇ ಒಂದೊಂದು ರೇಡಿಯೇಟರ್‌ನ ಒಳಬರುವ ಪೈಪು, ಹೊರಹೋಗುವ ಪೈಪು ಎರಡನ್ನೂ ವಾಲ್ವ್ ಹತ್ತಿರ ಅಳೆಯಿರಿ. ಈ ಎರಡರ ನಡುವಿನ ವ್ಯತ್ಯಾಸವೇ ನಮಗೆ ಬೇಕಾದ ಲೆಕ್ಕ. ವ್ಯತ್ಯಾಸ ತೀರಾ ಕಮ್ಮಿ, ಉದಾಹರಣೆಗೆ ಬರೀ 5 ಡಿಗ್ರಿ ಇದ್ದರೆ ನೀರು ಸರಸರ ಹಾದು ಹೋಗುತ್ತಿದೆ, ಒಂಚೂರು ಬಿಗಿ ಮಾಡಿ. 25 ಡಿಗ್ರಿ ಇದ್ದರೆ ನೀರು ಸಾಲುತ್ತಿಲ್ಲ, ಒಂಚೂರು ತೆರೆಯಿರಿ. ತಿರುಗಿಸುವುದು ಗಡಿಯಾರದಲ್ಲಿ ಐದು ನಿಮಿಷದ ಅಂತರದಷ್ಟು ಸಾಕು. ಪ್ರತಿ ಸಲ ಹತ್ತು ನಿಮಿಷ ಕಾದು ಮತ್ತೆ ಅಳೆಯಿರಿ. ಒಂದನ್ನು ಬಿಗಿ ಮಾಡಿದಾಗ ಉಳಿದವಕ್ಕೆ ನೀರು ಹೆಚ್ಚುತ್ತದೆ, ಹಾಗಾಗಿ ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಒಂದು ಸುತ್ತು ಬರಲೇಬೇಕು.

ಎಷ್ಟು ವ್ಯತ್ಯಾಸ ಇರಬೇಕು ಎನ್ನುವುದಕ್ಕೆ ಜಗಳಗಳೇ ನಡೆಯುತ್ತವೆ. ಹಳೆ ಕಾಲದ ಬಾಯ್ಲರ್‌ಗಳಿಗೆ 11 ಅಥವಾ 12 ಡಿಗ್ರಿ ಅನ್ನುವುದು ವಾಡಿಕೆ. ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಹಾಕುತ್ತಿರುವ ಗ್ಯಾಸ್ ಬಾಯ್ಲರ್‌ಗಳು ಬಹುತೇಕ ಕಂಡೆನ್ಸಿಂಗ್ ಬಾಯ್ಲರ್‌ಗಳು. ಇವಕ್ಕೆ 15ರಿಂದ 20 ಡಿಗ್ರಿ ಒಳ್ಳೆಯದು, ಯಾಕೆಂದರೆ ವಾಪಸ್ ಬರುವ ನೀರು ಸುಮಾರು 55ಕ್ಕಿಂತ ಕೆಳಗಿದ್ದರೆ ಮಾತ್ರ ಹೊಗೆಯಲ್ಲಿನ ಆವಿ ನೀರಾಗಿ ಅದರ ಶಾಖವೂ ನಮಗೆ ಸಿಗುತ್ತದೆ. ನನ್ನ ಕೇಳಿದರೆ, ನಂಬರ್ ಯಾವುದು ಅನ್ನುವುದಕ್ಕಿಂತ ಎಲ್ಲ ರೇಡಿಯೇಟರ್‌ಗೂ ಹೆಚ್ಚುಕಮ್ಮಿ ಒಂದೇ ನಂಬರ್ ಬರುವುದು ಮುಖ್ಯ. ಎಲ್ಲವೂ 12ರ ಆಸುಪಾಸು ಬಂದು ಅಲ್ಲೇ ನಿಂತರೆ ಬಿಟ್ಟುಬಿಡಿ. ಎರಡು ಮೂರು ಡಿಗ್ರಿ ಹಿಂದೆ ಮುಂದೆ ಇದ್ದರೆ ಅದಕ್ಕೊಂದು ಭಾನುವಾರ ಹಾಳು ಮಾಡಬೇಡಿ.

ಇದಕ್ಕೆ ಒಂದು ಅಪವಾದ ಇದೆ, ಅದು ಥರ್ಮೋಸ್ಟಾಟ್ ಇರುವ ಜಾಗದ ರೇಡಿಯೇಟರ್. ಇಲ್ಲಿನ ತುಂಬಾ ಮನೆಗಳಲ್ಲಿ ಥರ್ಮೋಸ್ಟಾಟನ್ನು ಮುಂಬಾಗಿಲ ಒಳಗಿನ ಹಾಲ್‌ವೇಯಲ್ಲಿ ಹಾಕಿರುತ್ತಾರೆ. ಆ ಪುಟ್ಟ ಜಾಗದ ರೇಡಿಯೇಟರ್ ಬೇಗ ಬಿಸಿಯಾಯಿತು ಅಂದರೆ ಥರ್ಮೋಸ್ಟಾಟ್ ಸಾಕು ಎಂದು ಬಾಯ್ಲರ್ ನಿಲ್ಲಿಸಿಬಿಡುತ್ತದೆ. ಬೆಡ್‌ರೂಮು ಆಗಿನ್ನೂ 16 ಡಿಗ್ರಿಯಲ್ಲೇ ಇರುತ್ತದೆ. ಬೆಡ್‌ರೂಮಿನ ಟಿಆರ್‌ವಿ ಐದಕ್ಕೆ ಇಟ್ಟರೂ ಅಷ್ಟೇ, ನೀರೇ ಬರದಿದ್ದಾಗ ಅದೇನು ಮಾಡೀತು! ಹಾಗಾಗಿ ಹಾಲ್‌ವೇ ರೇಡಿಯೇಟರನ್ನು ಬೇರೆಯವಕ್ಕಿಂತ ಇನ್ನೂ ಸ್ವಲ್ಪ ಬಿಗಿ ಮಾಡಿ, ಅದು ಎಲ್ಲಕ್ಕಿಂತ ನಿಧಾನವಾಗಿ ಬೆಚ್ಚಗಾಗಲಿ. ಪೂರ್ತಿ ಮಾತ್ರ ಮುಚ್ಚಬೇಡಿ. ಅದಕ್ಕೆ ಸಾಮಾನ್ಯವಾಗಿ ಟಿಆರ್‌ವಿ ಇರುವುದಿಲ್ಲ, ಬೇರೆಲ್ಲ ಮುಚ್ಚಿಕೊಂಡಾಗ ಪಂಪಿನ ನೀರಿಗೆ ಹೋಗಲು ಒಂದು ದಾರಿ ಇರಲಿ ಅಂತಲೂ ಹಾಗೆ ಬಿಟ್ಟಿರುತ್ತಾರೆ. ಬೇಗ ಬಿಸಿಯಾಗುವ ರೇಡಿಯೇಟರ್ ಪಕ್ಕದಲ್ಲೇ ಇಡ್ಲಿ ಹಿಟ್ಟು ಹುದುಗಲು ಇಡುವ ಮನೆಗಳಲ್ಲಿ ಈ ಕೆಲಸಕ್ಕೆ ಆಕ್ಷೇಪ ಬರಬಹುದು. ಬಿಸಿಯಾಗಲು ಹತ್ತು ನಿಮಿಷ ತಡವಾಗುತ್ತದೆ, ಹಿಟ್ಟಿಗೇನೂ ತೊಂದರೆಯಿಲ್ಲ ಎಂದು ಸಮಾಧಾನ ಹೇಳಿ.

ಲಾಕ್‌ಶೀಲ್ಡ್ ಕಡ್ಡಿಯ ಬುಡದಲ್ಲಿ ನೀರು ಜಿನುಗಿದರೆ ಗಾಬರಿ ಬೇಡ. ವರ್ಷಗಟ್ಟಲೆ ಮುಟ್ಟದೇ ಇದ್ದದ್ದನ್ನು ತಿರುಗಿಸಿದಾಗ ಹಾಗಾಗುತ್ತದೆ. ಅಲ್ಲಿರುವ ಸಣ್ಣ ನಟ್ ಅನ್ನು ಸ್ವಲ್ಪ ಬಿಗಿ ಮಾಡಿದರೆ ಹೆಚ್ಚಾಗಿ ನಿಲ್ಲುತ್ತದೆ. ಕಡ್ಡಿ ತಿರುಗಲೇ ಇಲ್ಲ ಅಂದರೆ ಬಲ ಹಾಕಬೇಡಿ, ಪ್ಲಂಬರ್ ಕರೆಯಿರಿ. ರೇಡಿಯೇಟರ್ ವಾಲ್ವ್‌ಗೆ ಯಾರು ಬೇಕಾದರೂ ಕೈ ಹಾಕಬಹುದು, ಆದರೆ ಬಾಯ್ಲರ್ ಒಳಗಿನ ಗ್ಯಾಸ್ ಭಾಗಕ್ಕೆ ಗ್ಯಾಸ್ ಸೇಫ್ (ಗ್ಯಾಸ್ ಕೆಲಸ ಮಾಡುವವರ ಅಧಿಕೃತ ಪಟ್ಟಿ) ನೋಂದಣಿ ಇರುವವರೇ ಬೇಕು. ಬಾಡಿಗೆ ಮನೆಯಾದರೆ ಮೊದಲು ಲ್ಯಾಂಡ್‌ಲಾರ್ಡಿಗೆ ಒಂದು ಇಮೇಲ್ ಹಾಕಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಹೀಟ್ ಪಂಪ್ ಇರುವ ಮನೆಗೆ ಈ ಲೆಕ್ಕ ಹಾಕಬೇಡಿ. ಅಲ್ಲಿ ನೀರಿನ ಉಷ್ಣತೆಯೂ ಕಮ್ಮಿ, ವ್ಯತ್ಯಾಸವೂ 5 ಡಿಗ್ರಿಯ ಆಸುಪಾಸು, ಹಾಕಿದವರನ್ನೇ ಕೇಳುವುದು ಒಳ್ಳೆಯದು.

ಕೆಲಸ ಮುಗಿದ ಮೇಲೆ ಪ್ರತಿ ಲಾಕ್‌ಶೀಲ್ಡ್ ಮುಚ್ಚಿದ ಸ್ಥಿತಿಯಿಂದ ಎಷ್ಟು ಸುತ್ತು ತೆರೆದಿದೆ ಅಂತ ಅದರ ಟೋಪಿಯ ಒಳಗೇ ಬರೆದು ಹಾಕಿ. ಮುಂದೆ ಪೇಂಟ್ ಮಾಡುವವರು ರೇಡಿಯೇಟರ್ ಬಿಚ್ಚಿದರೆ ಇದೆಲ್ಲವನ್ನೂ ಮತ್ತೆ ಮಾಡಬೇಕಿಲ್ಲ. ಟಿಆರ್‌ವಿ ತಲೆಗಳನ್ನು ವಾಪಸ್ ಕೂರಿಸಿ ಬೆಡ್‌ರೂಮಿಗೆ ಎರಡೂವರೆ, ಲಿವಿಂಗ್ ರೂಮಿಗೆ ಮೂರು ಇಟ್ಟು ನೋಡಿ. ಥರ್ಮೋಸ್ಟಾಟ್ ಇಳಿಸಲು ಮರೆಯಬೇಡಿ. ಬಾಯ್ಲರ್ ನೀರನ್ನೂ 60ಕ್ಕೆ, ಮನೆ ಬೆಚ್ಚಗಾಗುತ್ತಿದ್ದರೆ 55ಕ್ಕೆ ಇಳಿಸಬಹುದು, ಉಳಿತಾಯ ಇರುವುದು ಅಲ್ಲೇ. ಬಿಸಿನೀರು ಶೇಖರಿಸುವ ಸಿಲಿಂಡರ್ ಇದ್ದರೆ ಮಾತ್ರ ಇಷ್ಟು ಇಳಿಸಬೇಡಿ. ಲೀಜಿಯನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು ಸಿಲಿಂಡರ್ ನೀರು 60 ಡಿಗ್ರಿ ಮುಟ್ಟಬೇಕು, ಅದಕ್ಕೆ ಬಾಯ್ಲರ್ 65ಕ್ಕಾದರೂ ಇರಲಿ.