ಹಿತ್ತಾಳೆ ಕಿವಿಯೂ ಹೊಸ ಮೆಟಲ್ ಆಲ್ಬಮ್ಮೂ

ಕೆಲವು ವರ್ಷಗಳ ಹಿಂದೆ ಒಂದು ಹೊಸ ಡೆತ್ ಮೆಟಲ್ ಆಲ್ಬಮ್ ಕೇಳಿ ಕುಣಿದಾಡಿಬಿಟ್ಟೆ. ಡೆತ್ ಮೆಟಲ್ ಅಂದರೆ ರಾಕ್ ಸಂಗೀತದಲ್ಲೇ ತುಂಬ ಜೋರಿನ, ಘರ್ಜನೆಯ ಗಾಯನದ ಒಂದು ಬಗೆ. ಬಿಡುಗಡೆಯಾದ ರಾತ್ರಿಯೇ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಕೊನೆಯ ಹಾಡು ಮುಗಿಯುವ ಮೊದಲೇ ನಾಲ್ಕು ಗೆಳೆಯರಿಗೆ ‘ಈ ವರ್ಷದ ಆಲ್ಬಮ್ ಇದೇ, ಇನ್ನು ಹುಡುಕೋದೇ ಬೇಡ’ ಅಂತ ಮೆಸೇಜ್ ಕಳಿಸಿದ್ದೂ ಆಯ್ತು. ಎರಡು ವಾರ ಬಿಟ್ಟು ಅವರಲ್ಲೊಬ್ಬ ಕೇಳಿದ: ‘ಅದ್ರಲ್ಲಿ ನಿಂಗೆ ಯಾವ ರಿಫ್ ಜಾಸ್ತಿ ಇಷ್ಟ ಆಯ್ತು?’ ಹೇಳೋಣ ಅಂತ ಬಾಯಿ ತೆರೆದೆ. ಏನೂ ಬರಲಿಲ್ಲ. ಗುನುಗಲು ಒಂದೇ ಒಂದು ರಿಫ್ ಕೂಡ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು ಕೂಡ, ನೆನಪಿರಲಿಲ್ಲ. ನೆನಪಿದ್ದದ್ದು ಸದ್ದು ಮಾತ್ರ. ದಪ್ಪನೆಯ, ಎದೆಗೆ ಗುದ್ದುವ ಸದ್ದು.

ಆ ಆಲ್ಬಮ್ಮಿನ ಹೆಸರು ಹೇಳುವುದಿಲ್ಲ. ತಪ್ಪು ಅದರದ್ದಲ್ಲ, ನನ್ನ ಕಿವಿಯದ್ದು. ಚಾಡಿ ಮಾತನ್ನು ನಂಬುವವರನ್ನು ಹಿತ್ತಾಳೆ ಕಿವಿಯವರು ಅಂತೀವಲ್ಲ, ಆ ಮಾತು ನನಗೇ ಹೇಳಿದ ಹಾಗಿತ್ತು. ನನ್ನ ಕಿವಿ ವಾಲ್ಯೂಮಿನ ಮಾತನ್ನು ನಂಬಿಬಿಟ್ಟಿತ್ತು. ಅವತ್ತಿನಿಂದ ಹೊಸ ಆಲ್ಬಮ್ ಕೇಳುವ ರೀತಿಯನ್ನೇ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿಕೊಂಡೆ.

ಮೊದಲು ಸರಿಮಾಡಿದ್ದು ವಾಲ್ಯೂಮ್. ಇದು ಸಣ್ಣ ವಿಷಯ ಅಂತ ಕಾಣುತ್ತದೆ, ಆದರೆ ನಾನು ಕೊಟ್ಟ ತಪ್ಪು ತೀರ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹುಟ್ಟಿದ್ದವು. ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಒಂದೇ ತೂಕದಲ್ಲಿ ಕೇಳಿಸಿಕೊಳ್ಳುವುದಿಲ್ಲ. ಸದ್ದು ಕಡಿಮೆ ಇದ್ದಾಗ ತಗ್ಗಿನ ಸ್ವರಗಳೂ ತೀರಾ ಎತ್ತರದ ಸ್ವರಗಳೂ ಹಿಂದೆ ಸರಿಯುತ್ತವೆ. ವಾಲ್ಯೂಮ್ ಏರಿದಂತೆ ಅವು ಮುಂದೆ ಬರುತ್ತವೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಅಂದರೆ ಅದೇ ರಿಫ್, ಅದೇ ಡ್ರಮ್ಸ್, ಸುಮ್ನೆ ವಾಲ್ಯೂಮ್ ಏರಿಸಿದರೆ ಸಾಕು, ಬಾಸ್ ದಪ್ಪಗಾಗುತ್ತದೆ, ಸಿಂಬಲ್ ಹೊಳೆಯುತ್ತದೆ. ‘ವಾಹ್, ಏನ್ ಪ್ರೊಡಕ್ಷನ್!’ ಅನ್ನಿಸುತ್ತದೆ. ಎರಡು ಆಲ್ಬಮ್‌ಗಳನ್ನು ಹೋಲಿಸುವಾಗ ಒಂದು ಎರಡೇ ಡೆಸಿಬೆಲ್ ಜೋರಾಗಿದ್ದರೂ ಅದೇ ಚೆನ್ನಾಗಿದೆ ಅಂತ ಮನಸ್ಸು ವಾಲುತ್ತದೆ. ಜೋರಾಗಿದೆ ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ. ಚೆನ್ನಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ಈಗ ನನ್ನದೊಂದು ಗುರುತು ಇದೆ. ಚೆನ್ನಾಗಿ ಪರಿಚಯವಿರುವ ಒಂದು ಹಳೆಯ ಹಾಡನ್ನು ಮೊದಲು ಹಾಕುತ್ತೇನೆ. ಅದು ಹಿತವಾಗಿ ಕೇಳುವ ಮಟ್ಟಕ್ಕೆ ವಾಲ್ಯೂಮ್ ಇಟ್ಟು, ನಂತರ ಹೊಸ ಆಲ್ಬಮ್ ಶುರು ಮಾಡುತ್ತೇನೆ. ಹೊಸದು ಜೋರಾಗಿ ಕೇಳಿದರೆ ಹಳೆಯದರ ಮಟ್ಟಕ್ಕೆ ಇಳಿಸುತ್ತೇನೆ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹಾಡುಗಳ ಜೋರನ್ನು ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಬೇಡಿ. ನಾನು ವರ್ಷಗಟ್ಟಲೆ ಆಫ್ ಮಾಡಿಟ್ಟಿದ್ದೆ, ‘ಮೆಟಲ್ ಜೋರಾಗೇ ಇರ್ಬೇಕು’ ಅನ್ನುವ ಜಂಬದಲ್ಲಿ. ಇದರ ಜೊತೆಗೆ ಕಿವಿಯ ಆರೋಗ್ಯದ ಪ್ರಶ್ನೆಯೂ ಇದೆ. ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಶ್ ಸಂಸ್ಥೆ ಸೂಚಿಸುವ ಮಿತಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಹೋದರೆ ಒಂದೇ ಗಂಟೆ. ಒಂದು ಆಲ್ಬಮ್ಮಿನ ಉದ್ದ ಹೆಚ್ಚೂಕಡಿಮೆ ಅಷ್ಟೇ, ಅಲ್ವಾ?

ಜೋರಿನ ಈ ಹುಚ್ಚು ಕೇಳುವವರದ್ದು ಮಾತ್ರ ಅಲ್ಲ. 2008ರಲ್ಲಿ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅದನ್ನು ಎಷ್ಟು ಒತ್ತಿ ತುಂಬಿದ್ದರೆಂದರೆ, ಡ್ರಮ್ಸ್ ಬಿದ್ದ ಕಡೆಯೆಲ್ಲ ಸದ್ದು ಒಡೆಯುತ್ತಿತ್ತು. ಮಜಾ ಏನೆಂದರೆ ಅದೇ ಹಾಡುಗಳು ‘ಗಿಟಾರ್ ಹೀರೋ’ ಗೇಮಿಗೂ ಬಂದಿದ್ದವು. ಅಲ್ಲಿನ ಮಿಕ್ಸ್‌ನಲ್ಲಿ ಆ ಒತ್ತಡ ಇರಲಿಲ್ಲ. ಗೇಮಿನಲ್ಲಿ ಆಲ್ಬಮ್ಮಿಗಿಂತ ಚೆನ್ನಾಗಿ ಕೇಳುತ್ತದೆ ಅಂತ ಅಭಿಮಾನಿಗಳು ಕಂಡುಹಿಡಿದು ಗಲಾಟೆ ಎಬ್ಬಿಸಿದರು. ಮತ್ತೆ ಮಿಕ್ಸ್ ಮಾಡಿ ಕೊಡಿ ಎಂದು ಸಾವಿರಾರು ಜನ ಸಹಿಯನ್ನೂ ಹಾಕಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದ ದಿನ ನನಗೆ ಒಂದು ವಿಷಯ ಹೊಳೆಯಿತು. ಹಾಡುಗಳು ಚೆನ್ನಾಗಿಯೇ ಇದ್ದವು. ಅವುಗಳ ಮೇಲೆ ಯಾರೋ ಕೂತಿದ್ದರು, ಅಷ್ಟೇ. ಹೊರಗೆ ತಳುಕು, ಒಳಗೆ ಹುಳುಕು ಅಂತ ಗಾದೆ ಇದೆ. ಇಲ್ಲಿ ಅದು ತಿರುಗುಮುರುಗಾಗಿತ್ತು. ನಾನು ಕುಣಿದಾಡಿದ ಆ ಡೆತ್ ಮೆಟಲ್ ಆಲ್ಬಮ್ಮಿಗೆ ಮಾತ್ರ ಗಾದೆ ಸರಿಯಾಗಿ ಹೊಂದುತ್ತಿತ್ತು.

ಈಗ ಮೊದಲ ಸಲ ಕೇಳುವಾಗ ನಾನು ತೀರ್ಪು ಕೊಡುವುದಿಲ್ಲ. ವಿಮರ್ಶೆ ಓದುವುದಿಲ್ಲ, ಮೊದಲೇ ಬಿಟ್ಟ ಸಿಂಗಲ್‌ಗಳನ್ನೂ ಆದಷ್ಟು ಕೇಳಿರುವುದಿಲ್ಲ. ಒಂದೇ ಸಲ ಕೂತು, ಹಾಡುಗಳ ಕ್ರಮ ಬದಲಾಯಿಸದೆ ಕೇಳುತ್ತೇನೆ. ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಅಭಿಪ್ರಾಯ ಬರೆಯುವಂತಿಲ್ಲ, ಸಮಯ ಮಾತ್ರ. ಮನಸ್ಸು ಬೇರೆ ಕಡೆ ಹೋದ ಕೂಡಲೇ ಆ ನಿಮಿಷ ಬರೆಯುತ್ತೇನೆ, ಪಕ್ಕದಲ್ಲಿ ಒಂದು ಸೊನ್ನೆ. ತಲೆ ತಾನಾಗಿ ಅಲ್ಲಾಡಲು ಶುರುವಾದರೆ ಆ ನಿಮಿಷ, ಪಕ್ಕದಲ್ಲಿ ಒಂದು ಗೆರೆ. ಎರಡನೇ ಸಲ ಕೇಳುವಾಗ ಈ ಚೀಟಿಯನ್ನು ನೋಡುವುದಿಲ್ಲ, ಹೊಸ ಚೀಟಿ ಮಾಡುತ್ತೇನೆ. ಸೊನ್ನೆ ಎರಡು ಸಲವೂ ಅದೇ ಜಾಗದಲ್ಲಿ ಬಿದ್ದರೆ ಅದು ನನ್ನ ನಿದ್ದೆಯ ತಪ್ಪಲ್ಲ, ಹಾಡಿನ ತಪ್ಪು.

ಈ ಚೀಟಿಗಳು ಕಲಿಸಿದ ಮೊದಲ ಪಾಠ ಉದ್ದದ ಬಗ್ಗೆ. ಸ್ಲೇಯರ್‌ನ ‘ರೇನ್ ಇನ್ ಬ್ಲಡ್’, 1986ರದ್ದು, ಹತ್ತು ಹಾಡು ಸೇರಿ ಸುಮಾರು 29 ನಿಮಿಷ. ಸೊನ್ನೆ ಹಾಕಲು ಪುರುಸೊತ್ತೇ ಇಲ್ಲ. 2021ರ ಐರನ್ ಮೇಡನ್ ಆಲ್ಬಮ್ ‘ಸೆಂಜುತ್ಸು’ 80 ನಿಮಿಷ ದಾಟುತ್ತದೆ. ಅದರ ಕೊನೆಯ ಮೂರು ಹಾಡುಗಳು ಒಂದೊಂದೂ ಹತ್ತು ನಿಮಿಷಕ್ಕಿಂತ ಉದ್ದ. ಮೊದಲ ಸಲ ಆ ಮೂರಕ್ಕೂ ನನ್ನ ಚೀಟಿ ತುಂಬ ಸೊನ್ನೆ. ಆಮೇಲೆ ಅನುಮಾನ ಬಂತು: ಸೋತಿದ್ದು ಹಾಡೋ ನನ್ನ ಕಿವಿಯೋ? ಮಾರನೇ ದಿನ ಆ ಮೂರನ್ನೇ ಮೊದಲು ಹಾಕಿದೆ. ಅರ್ಧದಷ್ಟು ಸೊನ್ನೆ ಮಾಯ. ಉದ್ದದ ಆಲ್ಬಮ್ಮಿನ ಹಿಂಭಾಗಕ್ಕೆ ಯಾವಾಗಲೂ ಅನ್ಯಾಯವಾಗುತ್ತದೆ. ಹಾಗಂತ ಉಳಿದರ್ಧ ಸೊನ್ನೆಗಳನ್ನು ಅಳಿಸಲು ನಾನು ತಯಾರಿಲ್ಲ. 80 ನಿಮಿಷ ಬೇಕಿರಲಿಲ್ಲ.

ಎರಡನೇ ಸಲ ಕೇಳುವಾಗ ಡ್ರಮ್ಸ್ ಮತ್ತು ಬಾಸ್ ಹಿಂದೆ ಬೀಳುತ್ತೇನೆ. ಗಿಟಾರ್ ಹೇಗೂ ಕೇಳಿಸುತ್ತದೆ, ಅದು ನಮ್ಮನ್ನು ಕೇಳಿ ಕಿವಿಗೆ ಬರುವುದಿಲ್ಲ. ಬಾಸ್ ಹುಡುಕಬೇಕು. ಮೆಟಾಲಿಕಾದ 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಎಷ್ಟು ಹುಡುಕಿದರೂ ಸಿಗದು. ಆಗಿನ ಬಾಸ್ ವಾದಕ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಮಿಕ್ಸಿಂಗ್‌ನಲ್ಲಿ ಮುಳುಗಿಹೋಗಿದೆ. ಹೊಸ ಆಲ್ಬಮ್‌ಗಳಲ್ಲಿ ಬಾಸ್ ಕೇಳಿಸುತ್ತದೆ, ಆದರೆ ಎಷ್ಟೋ ಕಡೆ ಗಿಟಾರಿನ ನೆರಳಾಗಿ ಮಾತ್ರ. ಅದು ಒಮ್ಮೆಯಾದರೂ ಗಿಟಾರಿನ ದಾರಿ ಬಿಟ್ಟು ತನ್ನ ದಾರಿ ಹಿಡಿಯುತ್ತದಾ ಅಂತ ಕಾಯುತ್ತೇನೆ. ಹಿಡಿದರೆ ಆ ತಂಡದ ಮೇಲೆ ನನಗೆ ಮರ್ಯಾದೆ ಜಾಸ್ತಿ.

ಡ್ರಮ್ಸ್ ವಿಷಯದಲ್ಲಿ ನನಗೊಂದು ಹಟ ಇತ್ತು. ಇತ್ತೀಚಿನ ಎಷ್ಟೋ ಆಲ್ಬಮ್‌ಗಳಲ್ಲಿ ಡ್ರಮ್ಮರ್ ಹೊಡೆದ ಏಟಿನ ಜಾಗದಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಏಟನ್ನು ಕೂರಿಸುತ್ತಾರೆ. ಕಂಪ್ಯೂಟರಿನಲ್ಲಿ ಪ್ರತಿ ಏಟನ್ನೂ ಗೆರೆ ಎಳೆದ ಹಾಗೆ ತಾಳಕ್ಕೆ ಸರಿಸುತ್ತಾರೆ. ಕಂಡುಹಿಡಿಯುವುದು ಕಷ್ಟವಲ್ಲ. ವೇಗದ ಡಬಲ್ ಬಾಸ್, ಅಂದರೆ ಎರಡೂ ಕಾಲಿನಿಂದ ತುಳಿದು ದೊಡ್ಡ ಡ್ರಮ್ ಹೊಡೆಯುವುದು, ಬರುವ ಕಡೆ ಗಮನ ಕೊಡಿ. ಮನುಷ್ಯನ ಎರಡು ಕಾಲು ಒಂದೇ ಬಲದಲ್ಲಿ ತುಳಿಯುವುದಿಲ್ಲ. ನೂರು ಏಟೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕೇಳಿದರೆ ಅಲ್ಲಿ ಕಾಲಿಗಿಂತ ಜಾಸ್ತಿ ಕೆಲಸ ಮಾಡಿದ್ದು ಮೌಸ್. ಚಟಚಟ ಸದ್ದಿನ ಚಿಕ್ಕ ಡ್ರಮ್, ಸ್ನೇರ್‌ನಲ್ಲೂ ಹಾಗೇ. ಉರುಳಿಕೆ (ರೋಲ್) ಬಂದಾಗ ಏಟುಗಳು ಏರಿಳಿಯಬೇಕು. ಮೆಷಿನ್ ಗನ್ನಿನ ಹಾಗೆ ಕೇಳಿದರೆ ಅನುಮಾನ ಪಡಬೇಕು.

ಇಂಥದ್ದು ಸಿಕ್ಕರೆ ಆಲ್ಬಮ್ಮನ್ನೇ ಕೆಳಗಿಡುತ್ತಿದ್ದೆ. ಆ ಹಟ ಮುರಿದದ್ದು ಮೆಶುಗ್ಗಾ ತಂಡ. ಅವರ 2005ರ ‘ಕ್ಯಾಚ್ ಥರ್ಟಿತ್ರೀ’ಯಲ್ಲಿ ಡ್ರಮ್ಸ್ ಪೂರ್ತಿ ಪ್ರೋಗ್ರಾಮ್ ಮಾಡಿದ್ದು. ಅದು ಗೊತ್ತಿಲ್ಲದೆ ಎಷ್ಟೋ ಸಲ ಕೇಳಿ ಮೆಚ್ಚಿದ್ದೆ. ಗೊತ್ತಾದ ಮೇಲೆ ಒಂದು ವಾರ ಮುಖ ಸಿಂಡರಿಸಿಕೊಂಡಿದ್ದೂ ನಿಜ. ಆಮೇಲೆ ಸರಿಹೋಯಿತು. ಆ ಆಲ್ಬಮ್ ಬಯಸಿದ್ದೇ ಯಂತ್ರದ ಉಸಿರುಗಟ್ಟಿಸುವ ನಿಖರತೆ. ಈಗ ಏಟು ನಿಜವೋ ಸುಳ್ಳೋ ಅಂತ ಕೇಳುವುದಿಲ್ಲ. ಈ ಹಾಡಿಗೆ ಈ ಏಟು ಬೇಕಿತ್ತಾ ಅಂತ ಕೇಳುತ್ತೇನೆ. ಮೆಟಾಲಿಕಾದ ‘ಸೇಂಟ್ ಆ್ಯಂಗರ್’ನ ಸ್ನೇರ್ ಪೂರ್ತಿ ಮನುಷ್ಯನದ್ದೇ, ಸ್ನೇರಿನ ತಂತಿ ಸಡಿಲಿಸಿ ಹೊಡೆದದ್ದು. 2003ರಿಂದ ಇವತ್ತಿನವರೆಗೂ ಆ ಡಬ್ಬ ಬಡಿದ ಸದ್ದನ್ನು ನಾನು ಕ್ಷಮಿಸಿಲ್ಲ.

ಎರಡನೇ ಸಲ ಕೇಳಿದ ಮೇಲೆ ಎರಡು ಮೂರು ದಿನ ಆಲ್ಬಮ್ಮನ್ನು ಮುಟ್ಟುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ಬಿಡುವೇ. ಕೆಲಸದ ನಡುವೆ, ನಡೆಯುವಾಗ, ಸ್ನಾನ ಮಾಡುವಾಗ ಯಾವ ರಿಫ್ ತಾನಾಗಿ ಬಾಯಿಗೆ ಬರುತ್ತದೆ ಅಂತ ನೋಡುತ್ತೇನೆ. ಬಂದದ್ದನ್ನು ಫೋನಿನಲ್ಲಿ ಗುನುಗಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಬೇರೆಯವರು ಕೇಳಿದರೆ ಮಾನ ಹೋಗುತ್ತದೆ. ಗುನುಗುವಾಗ ಡಿಸ್ಟಾರ್ಷನ್ ಇಲ್ಲ, ಡಬಲ್ ಬಾಸ್ ಇಲ್ಲ, ಪ್ರೊಡಕ್ಷನ್ ಇಲ್ಲ. ಉಳಿಯುವುದು ಸ್ವರ ಮತ್ತು ಲಯ ಮಾತ್ರ. ಆ ಬೆತ್ತಲೆ ರಿಫ್‌ಗೂ ಭಾರ ಇದೆಯಾ? ನಾನು ಹುಡುಕುವುದು ಅದನ್ನೇ.

ಭಾರ ಅಂದಾಗ ಎಲ್ಲರೂ ಶ್ರುತಿಯ ಕಡೆ ನೋಡುತ್ತಾರೆ. ಶ್ರುತಿ ಇಳಿಸಿದಷ್ಟೂ ಹೆವಿ ಅನ್ನುವ ನಂಬಿಕೆ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡವರು. ಎಡಚರಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳುವಾದ ತಂತಿ ಹಾಕಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಗೆ ಬರುವಾಗ ಹಲವು ಹಾಡುಗಳಲ್ಲಿ ಶ್ರುತಿಯನ್ನು ಮೂರು ಸೆಮಿಟೋನ್ ಇಳಿಸಿದ್ದರು. ತಂತಿ ಸಡಿಲವಾದರೆ ಬೆರಳಿಗೆ ಸುಲಭ, ಸದ್ದೂ ಆಳ. ಇವತ್ತು ಏಳು, ಎಂಟು ತಂತಿಯ ಗಿಟಾರ್‌ಗಳು ಅದಕ್ಕಿಂತ ಎಷ್ಟೋ ಕೆಳಗೆ ಇಳಿದಿವೆ. ಆದರೆ ಆ ಆಲ್ಬಮ್ಮಿನ ಭಾರ ಬರೀ ಇಳಿದ ಶ್ರುತಿಯಿಂದ ಬಂದದ್ದಲ್ಲ. ಒಂದು ಸ್ವರಕ್ಕೂ ಮುಂದಿನ ಸ್ವರಕ್ಕೂ ನಡುವೆ ಅವರು ಬಿಡುವ ಜಾಗ ಇದೆಯಲ್ಲ, ಭಾರ ಅಲ್ಲಿದೆ. ಖಾಲಿ ಜಾಗವೇ ಇಲ್ಲದ ಹೊಸ ಆಲ್ಬಮ್‌ಗಳಲ್ಲಿ ಬ್ರೇಕ್‌ಡೌನ್ (ಲಯ ನಿಧಾನವಾಗಿ ಭಾರವಾಗುವ ಭಾಗ) ಬಂದಾಗಲೂ ನನಗೆ ಬಿದ್ದ ಅನುಭವ ಆಗುವುದಿಲ್ಲ. ಬೀಳಬೇಕಾದರೆ ಮೊದಲು ಎತ್ತರಕ್ಕೆ ಹೋಗಿರಬೇಕು.

ಗಾಯನದ ಬಗ್ಗೆ ನನ್ನ ಹತ್ತಿರ ಹೇಳುವುದು ಕಡಿಮೆ. ಗ್ರೌಲ್‌ನಲ್ಲೂ, ಅಂದರೆ ಘರ್ಜಿಸುವ ಗಾಯನದಲ್ಲೂ, ಮಾತಿನ ಲಯ ರಿಫ್‌ಗೆ ಕಚ್ಚಿಕೊಂಡಿದ್ದರೆ ಸಾಕು. ಸಾಹಿತ್ಯವನ್ನು ಕೊನೆಗೆ ಓದುತ್ತೇನೆ, ಕೆಲವೊಮ್ಮೆ ಓದದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಮೂರನೇ ಸಲ ಕೇಳುವಾಗ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಇವರು ಏನು ಮಾಡಲು ಹೊರಟಿದ್ದರು? ಡಾರ್ಕ್‌ಥ್ರೋನ್‌ನ ‘ಟ್ರಾನ್ಸಿಲ್ವೇನಿಯನ್ ಹಂಗರ್’ 1994ರಲ್ಲಿ ಬಂದದ್ದು, ನಾಲ್ಕು ಟ್ರ್ಯಾಕಿನ ಮೆಷಿನ್‌ನಲ್ಲಿ ರೆಕಾರ್ಡ್ ಆದದ್ದು. ಅದಕ್ಕೆ ‘ಪ್ರೊಡಕ್ಷನ್ ಸರಿಯಿಲ್ಲ’ ಅಂದರೆ ಮಂಜಿಗೆ ತಣ್ಣಗಿದೆ ಅಂತ ದೂರಿದ ಹಾಗೆ. ಈ ಪ್ರಶ್ನೆ ಕೇಳದೆ ನಾನು ಕೆಟ್ಟದಾಗಿ ಎಡವಿದ್ದು ಓಪೆತ್‌ನ ‘ಹೆರಿಟೇಜ್’ ಬಂದಾಗ, 2011ರಲ್ಲಿ. ಮೊದಲಿನ ಹೆಚ್ಚಿನ ಆಲ್ಬಮ್‌ಗಳಲ್ಲಿದ್ದ ಗ್ರೌಲ್ ಇಲ್ಲ, ಬರೀ ಎಪ್ಪತ್ತರ ದಶಕದ ಪ್ರೋಗ್ ರಾಕ್ (ಉದ್ದುದ್ದದ, ಪ್ರಯೋಗದ ರಾಕ್) ಗಾಳಿ. ಒಂದೂವರೆ ಸಲ ಕೇಳಿ ‘ಮುಗೀತು ಇವರ ಕಥೆ’ ಅಂದುಬಿಟ್ಟೆ. ನನ್ನ ತಲೆಯಲ್ಲಿದ್ದ ಆಲ್ಬಮ್ಮನ್ನು ಅವರು ಮಾಡಿರಲಿಲ್ಲ, ಅದೇ ನನ್ನ ಸಿಟ್ಟು. ವರ್ಷಗಳ ನಂತರ, ಯಾವ ಆಸೆಯೂ ಇಲ್ಲದೆ ಹಾಕಿದಾಗ ಡ್ರಮ್ಸ್ ಎಷ್ಟು ಸಹಜವಾಗಿ ಉಸಿರಾಡುತ್ತಿವೆ ಅಂತ ಮೊದಲ ಸಲ ಕೇಳಿಸಿತು. ಕೆಲವು ಹಾಡುಗಳು ಎಲ್ಲಿಗೂ ಹೋಗುವುದಿಲ್ಲ ಅನ್ನುವುದು ಈಗಲೂ ನನ್ನ ಅಭಿಪ್ರಾಯ. ಆದರೆ ಅದು ಕೇಳಿ ಹೇಳಿದ ಮಾತು.

ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವುದನ್ನೂ ಬಿಟ್ಟಿದ್ದೇನೆ. ಹಳೆಯ ಪಟ್ಟಿಗಳನ್ನು ತೆಗೆದು ನೋಡಿದರೆ ಮುಕ್ಕಾಲು ಪಾಲು ಆಲ್ಬಮ್‌ಗಳಿಗೆ ಏಳೋ ಎಂಟೋ. ಎಲ್ಲಕ್ಕೂ ಏಳೂವರೆ ಕೊಡುವ ಮೇಷ್ಟ್ರಿಂದ ಯಾರಿಗೆ ಏನು ಪ್ರಯೋಜನ? ಈಗ ಮೂರು ಸಾಲು ಬರೆಯುತ್ತೇನೆ: ಯಾವ ರಿಫ್ ಬಾಯಿಗೆ ಬಂತು, ಸೊನ್ನೆ ಎಲ್ಲಿ ಬಿತ್ತು, ಯಾವ ಹಾಡನ್ನು ತೆಗೆದರೆ ಆಲ್ಬಮ್ ಉತ್ತಮವಾಗುತ್ತಿತ್ತು. ವರ್ಷದ ಕೊನೆಯಲ್ಲಿ ಮತ್ತೊಮ್ಮೆ ಕೇಳಿ ನಾಲ್ಕನೇ ಸಾಲು ಸೇರಿಸುತ್ತೇನೆ. 2024ರಲ್ಲಿ ಬ್ಲಡ್ ಇನ್‌ಕ್ಯಾಂಟೇಶನ್‌ನ ‘ಆ್ಯಬ್ಸಲ್ಯೂಟ್ ಎಲ್ಸ್‌ವೇರ್’ಗೆ ಮೂರನೇ ಸಾಲು ಬರೆಯಲು ಆಗಲಿಲ್ಲ. ಇರುವುದೇ ಎರಡು ಹಾಡು, ಒಂದೊಂದೂ ಮೂರು ಭಾಗ. ಡೆತ್ ಮೆಟಲ್ ನಿಂತು ಸಿಂಥಸೈಜರ್ ತೇಲಿ ಬರುವ ಕಡೆ ಮೊದಲ ಸಲ ಸೊನ್ನೆ ಹಾಕಿದ್ದೆ. ಎರಡನೇ ಚೀಟಿಯಲ್ಲಿ ಅದೇ ಜಾಗದಲ್ಲಿ ಗೆರೆ ಇತ್ತು.

ಮೊದಲು ಹೇಳಿದ ಆ ಡೆತ್ ಮೆಟಲ್ ಆಲ್ಬಮ್ಮನ್ನು ಹೋದ ತಿಂಗಳು ಮತ್ತೆ ಹಾಕಿದೆ, ವಾಲ್ಯೂಮ್ ಸರಿಮಾಡಿಕೊಂಡು, ಚೀಟಿ ಹಿಡಿದು. ಹದಿನಾಲ್ಕು ಸೊನ್ನೆ. ಆರನೇ ಹಾಡಿನಲ್ಲಿ, ನಾಲ್ಕನೇ ನಿಮಿಷದ ಹತ್ತಿರ, ಒಂದು ಗೆರೆ. ಆ ರಿಫ್ ಈಗಲೂ ಬಾಯಲ್ಲಿದೆ. ಪ್ರಶ್ನೆ ಕೇಳಿದ್ದ ಗೆಳೆಯನಿಗೆ ಅದನ್ನು ಗುನುಗಿ ಕಳಿಸಿದೆ. ‘ಇದ್ಯಾವ ಹಾಡು?’ ಅಂತ ಉತ್ತರ ಬಂತು.